ವಿಳಾಸ ಉದ್ದವಾಯಿತು, ಪ್ರೋಗ್ರಾಮ್ ಎಡವಿತು

ಅಂತರ್ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆಯೇ ಐಪಿ ವಿಳಾಸ. ಅದರ ಹಳೆಯ ಬಗೆಯಾದ ಐಪಿವಿ4 ವಿಳಾಸ 32 ಬಿಟ್‌ನದು. 1981ರಲ್ಲಿ ಅದು ಗಟ್ಟಿಯಾದಾಗ ಸುಮಾರು 430 ಕೋಟಿ ವಿಳಾಸಗಳು ಧಾರಾಳವಾಗೇ ಕಂಡಿದ್ದವು. 1983ರಲ್ಲಿ ಬಿಎಸ್‌ಡಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಜೊತೆ ಬಂದ ಸಾಕೆಟ್‌ಗಳಲ್ಲಿ (ಪ್ರೋಗ್ರಾಮ್ ಜಾಲದೊಂದಿಗೆ ಮಾತಾಡುವ ಕೊಂಡಿಗಳಲ್ಲಿ) ಬೇರೆ ಬಗೆಯ ವಿಳಾಸಗಳಿಗೂ ಜಾಗವಿತ್ತು. ಆದರೆ ಕೋಡ್ ಬರೆದವರು ಅದನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ವಿಳಾಸವೆಂದರೆ ನಾಲ್ಕು ಬೈಟ್ ಎಂದು ನೇರವಾಗಿ ಬರೆದುಬಿಟ್ಟರು. ಡೇಟಾಬೇಸ್‌ನಲ್ಲಿ ಅದಕ್ಕೆ 15 ಅಕ್ಷರದ ಕಾಲಮ್ ಕೊಟ್ಟರು.

1995ರಲ್ಲಿ ಮೊದಲ ಬಾರಿಗೆ ಪ್ರಕಟವಾದ ಐಪಿವಿ6 ವಿಳಾಸ 128 ಬಿಟ್‌ನದು. ತಾಣದ ಹೆಸರಿನಿಂದ ವಿಳಾಸ ಹುಡುಕಿಕೊಡುವ ಹಳೆಯ ಫಂಕ್ಷನ್ ಗೆಟ್‌ಹೋಸ್ಟ್‌ಬೈನೇಮ್ ಒಂದು ಸಲಕ್ಕೆ ಒಂದೇ ಬಗೆಯ ವಿಳಾಸ ಕೊಡುತ್ತಿತ್ತು. ಅದರ ಜಾಗಕ್ಕೆ ಬಂದ ಗೆಟ್‌ಆಡ್ರ್‌ಇನ್ಫೋ ಎರಡೂ ಬಗೆಯವನ್ನು ಒಂದು ಪಟ್ಟಿಯಾಗಿ ಕೊಡುತ್ತದೆ. ಪ್ರತಿ ನಮೂದಿನಲ್ಲಿರುವ ಬಗೆಯನ್ನೇ ಕೊಟ್ಟು ಸಾಕೆಟ್ ತೆರೆದು, ಸಂಪರ್ಕ ಸಿಗುವವರೆಗೆ ಒಂದೊಂದಾಗಿ ಪ್ರಯತ್ನಿಸಬೇಕು. ಮೊದಲನೆಯದಕ್ಕೇ ಕೈಬಿಡುವ ಕೋಡ್ ಈಗಲೂ ಕಣ್ಣಿಗೆ ಬೀಳುತ್ತದೆ.

ಪಟ್ಟಿ ಬಂದ ಮೇಲೆ ಹೊಸ ತಲೆನೋವು. ಅದರಲ್ಲಿ ಸಾಮಾನ್ಯವಾಗಿ ಐಪಿವಿ6 ಮೊದಲು ಇರುತ್ತದೆ. ವಿಳಾಸ ಇದ್ದೂ ದಾರಿ ಕೆಟ್ಟಿದ್ದರೆ, ಟೈಮ್‌ಔಟ್ ಆಗುವವರೆಗೆ ಬಳಕೆದಾರ ಖಾಲಿ ಪರದೆ ನೋಡುತ್ತ ಕೂರಬೇಕಿತ್ತು. 2011ರ ಫೆಬ್ರವರಿಯಲ್ಲಿ ವಿಳಾಸ ಹಂಚುವ ಸಂಸ್ಥೆ ಐಎಎನ್‌ಎಯ ಐಪಿವಿ4 ದಾಸ್ತಾನು ಬರಿದಾದರೂ ದೊಡ್ಡ ತಾಣಗಳು ಐಪಿವಿ6ಗೆ ಬರಲು ಹಿಂಜರಿದದ್ದಕ್ಕೆ ಇದೂ ಒಂದು ಕಾರಣ. 2012ರ 'ಹ್ಯಾಪಿ ಐಬಾಲ್ಸ್' ವಿಧಾನ ಇದಕ್ಕೆ ಮದ್ದಾಯಿತು: ಒಂದು ಸಂಪರ್ಕ ಶುರುಮಾಡಿ, ಅದು ಮುಗಿಯಲೆಂದು ಕಾಯದೆ ಇನ್ನೊಂದನ್ನೂ ಶುರುಮಾಡುವುದು, ಮೊದಲು ಕೂಡಿಕೊಂಡದ್ದನ್ನು ಉಳಿಸಿಕೊಳ್ಳುವುದು. ಎರಡು ಪ್ರಯತ್ನಗಳ ಆರಂಭದ ನಡುವೆ 2017ರ ಪರಿಷ್ಕರಣೆ ಸೂಚಿಸಿದ ಅಂತರ 250 ಮಿಲಿಸೆಕೆಂಡ್.

ಸರ್ವರ್ ಬದಿಯ ಗೊಂದಲ ಬೇರೆಯದೇ. ಲಿನಕ್ಸ್‌ನಲ್ಲಿ ಡಿಫಾಲ್ಟ್ ಆಗಿ [::]ಗೆ, ಅಂದರೆ ಎಲ್ಲ ಐಪಿವಿ6 ವಿಳಾಸಗಳಿಗೆ, ಬೈಂಡ್ ಮಾಡಿದ (ಕಟ್ಟಿಹಾಕಿದ) ಸಾಕೆಟ್ ಐಪಿವಿ4 ಸಂಪರ್ಕಗಳನ್ನೂ ಹಿಡಿಯುತ್ತದೆ. ಆಮೇಲೆ ಅದೇ ಪೋರ್ಟ್‌ನಲ್ಲಿ (ಸೇವೆಯನ್ನು ಗುರುತಿಸುವ ಸಂಖ್ಯೆ) 0.0.0.0ಗೆ, ಅಂದರೆ ಎಲ್ಲ ಐಪಿವಿ4 ವಿಳಾಸಗಳಿಗೆ, ಬೈಂಡ್ ಮಾಡಲು ಹೋದರೆ ವಿಳಾಸ ಆಗಲೇ ಬಳಕೆಯಲ್ಲಿದೆ ಎಂಬ ಎರರ್. ವಿಂಡೋಸ್‌ನಲ್ಲಿ ಡಿಫಾಲ್ಟ್ ಇದಕ್ಕೆ ತಿರುಗುಮುರುಗು; ಓಪನ್‌ಬಿಎಸ್‌ಡಿಯಲ್ಲಿ ಎರಡನ್ನೂ ಒಂದೇ ಸಾಕೆಟ್‌ನಲ್ಲಿ ಕೂಡಿಸಲು ಬರುವುದೇ ಇಲ್ಲ. ಹಾಗಾಗಿ ಬೈಂಡ್‌ಗೆ ಮುಂಚೆ ಸಾಕೆಟನ್ನು ಐಪಿವಿ6ಗೆ ಮಾತ್ರ ಮೀಸಲಿಡುವ ವಿ6ಓನ್ಲಿ ಆಯ್ಕೆಯನ್ನು 1 ಮಾಡಿ, ಎರಡು ಸಾಕೆಟ್ ಇಟ್ಟುಕೊಳ್ಳುವುದೇ ವಾಸಿ. ಒಂದೇ ಸಾಕೆಟ್ ಇಟ್ಟರೆ 192.0.2.7 ಎಂಬ ಗ್ರಾಹಕ ::ಎಫ್‌ಎಫ್‌ಎಫ್‌ಎಫ್:192.0.2.7 ಆಗಿ ಬರುತ್ತಾನೆ, 192.0.2.7 ಎಂದಷ್ಟೇ ಬರೆದ ನಿರ್ಬಂಧ ಪಟ್ಟಿಗೆ ಅವನ ಗುರುತೇ ಹತ್ತುವುದಿಲ್ಲ.

ಇನ್ನು ವಿಳಾಸದ ಪಠ್ಯರೂಪ. ಸಿ ಭಾಷೆಯಲ್ಲಿ ಬಫರ್ 16 ಬೈಟ್ ಅಲ್ಲ, 46 ಬೇಕು. ಪೋರ್ಟ್ ಬೇರ್ಪಡಿಸಲು ಮೊದಲ ಕೋಲನ್‌ನಲ್ಲಿ ಕತ್ತರಿಸುವ ಕೋಡ್ ಇಲ್ಲಿ ಕೆಡುತ್ತದೆ, ಐಪಿವಿ6 ವಿಳಾಸದೊಳಗೇ ಕೋಲನ್ ಇರುತ್ತದಲ್ಲ. [::1]:8080 ರೀತಿ ಚೌಕ ಆವರಣ ಇರುವುದೇ ಅದಕ್ಕೆ. ಒಂದೇ ವಿಳಾಸವನ್ನು ಹಲವು ಬಗೆಯಲ್ಲಿ ಬರೆಯಬಹುದಾದ್ದರಿಂದ ಅಕ್ಷರ ಹೋಲಿಸಬಾರದು, ಬೈಟ್‌ಗೆ ತಿರುಗಿಸಿ ಹೋಲಿಸಬೇಕು. ವಿನಂತಿಗಳಿಗೆ ಮಿತಿ ಹಾಕುವಾಗಲೂ ಬಿಡಿ ವಿಳಾಸವನ್ನು ಎಣಿಸಿ ಫಲವಿಲ್ಲ: ಒಬ್ಬನೇ ಬಳಕೆದಾರನ ಕೈಯಲ್ಲಿ ಇಡೀ /64 (ಮೊದಲ 64 ಬಿಟ್ ಒಂದೇ ಆಗಿರುವ ವಿಳಾಸಗಳ ಗುಂಪು) ಇರಬಹುದು, ಎಣಿಕೆ ಆ ಮಟ್ಟದಲ್ಲೇ ನಡೆಯಬೇಕು.