ಕರುವಿನ ಕಿವಿ, ಬೆನ್ನಿನ ಕೂದಲು

ಮಾಗಿಯ ಬೆಳಗ್ಗೆ ಕೊಟ್ಟಿಗೆಯಲ್ಲಿ ಕರುವೊಂದು ಮೇವು ಮುಟ್ಟದೆ ಮಂಕಾಗಿ ನಿಂತಿದ್ದರೆ ಮುಳಬಾಗಿಲು ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜಿ ಮೊದಲು ಅದರ ಕಿವಿಯ ತುದಿಯನ್ನು ಬೆರಳುಗಳ ನಡುವೆ ಹಿಡಿದು ನೋಡುತ್ತಿದ್ದರು, ಆಮೇಲೆ ಬೆನ್ನಿನ ಮೇಲೆ ಅಂಗೈ ಆಡಿಸುತ್ತಿದ್ದರು. ಚಳಿಗೆ ಎಲ್ಲ ಕರುಗಳ ಕಿವಿಯೂ ಸ್ವಲ್ಪ ತಣ್ಣಗಿರುತ್ತದೆ ಎಂಬುದು ಗೊತ್ತಿದ್ದರಿಂದ ಪಕ್ಕದ ಕರುವಿನ ಕಿವಿಯನ್ನೂ ಮುಟ್ಟಿ ಹೋಲಿಸುತ್ತಿದ್ದರು. ಕಿವಿ ತೀರಾ ತಣ್ಣಗಿದ್ದು, ನುಣ್ಣಗೆ ಮಲಗಿರಬೇಕಾದ ಕೂದಲು ಸೆಟೆದು ಒರಟಾಗಿದ್ದರೆ "ಮೈ ಕೂದ್ಲು ನಿಂತೈತೆ, ಜ್ವರ ಬರ್ತೈತೆ" ಎನ್ನುತ್ತಿದ್ದರು. ಹಾಲನ್ನೇ ನಂಬಿ ಬದುಕುವ ಕೋಲಾರ ಜಿಲ್ಲೆಯಲ್ಲಿ ಈ ಪರೀಕ್ಷೆ ತಿಳಿಯದ ರೈತ ಮಹಿಳೆ ಅಪರೂಪ. ಆ ಕೈ ಓದುತ್ತಿದ್ದುದು ಚರ್ಮದೊಳಗಿನ ಅನುವೇದಕ ನರಗಳ, ಅಂದರೆ ಇಚ್ಛೆಗೆ ಕಾಯದೆ ತಾವಾಗಿಯೇ ದುಡಿಯುವ ಸಿಂಪಥೆಟಿಕ್ ನರಗಳ ಕೆಲಸವನ್ನು ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಈ ನರಗಳ ಹಾದಿ ಎದೆ ಮತ್ತು ಸೊಂಟದ ಮೇಲ್ಭಾಗದ ಬೆನ್ನುಹುರಿಯಿಂದ ಹೊರಡುತ್ತದೆ. ಬೆನ್ನುಮೂಳೆಯ ಎರಡೂ ಬದಿಗೆ ಸರಪಳಿಯಂತೆ ಸಾಲುಗೂಡಿರುವ ನರಗಂಟುಗಳಲ್ಲಿ ಸಂದೇಶವು ಒಂದು ನರಕೋಶದಿಂದ ಇನ್ನೊಂದಕ್ಕೆ ದಾಟಿ, ಅಲ್ಲಿಂದ ಹೊರಟ ತೆಳುವಾದ ಎಳೆಗಳು ಸ್ಪರ್ಶದ ನರಗಳ ಜೊತೆಗೇ ಸಾಗಿ ಚರ್ಮವನ್ನು ತಲುಪುತ್ತವೆ. ಈ ಎಳೆಗಳಿಗೆ ಸಂದೇಶವನ್ನು ವೇಗವಾಗಿ ಸಾಗಿಸುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿಲ್ಲದ ಕಾರಣ ಸಂದೇಶದ ವೇಗ ಸೆಕೆಂಡಿಗೆ ಸುಮಾರು 1 ಮೀಟರ್ ಮಾತ್ರ. ಚರ್ಮದೊಳಗೆ ಅವು ಮಣಿಸರದಂತೆ ಉಬ್ಬುಬ್ಬಾಗಿ ಹರಡಿಕೊಳ್ಳುತ್ತವೆ, ಮತ್ತು ಒಂದೊಂದು ಉಬ್ಬಿನಿಂದಲೂ ನಾರ್‌ಅಡ್ರಿನಾಲಿನ್ ಎಂಬ ರಾಸಾಯನಿಕ ಹೊರಬೀಳುತ್ತದೆ. ಕಿರು ರಕ್ತನಾಳದ ಗೋಡೆಗೆ ಅದು ತಾಗಿದರೆ ನಾಳ ಬಿಗಿಯುತ್ತದೆ. ರೋಮಕೂಪಕ್ಕೆ ಓರೆಯಾಗಿ ಅಂಟಿಕೊಂಡಿರುವ ಪುಟ್ಟ ಸ್ನಾಯುವಿಗೆ ತಾಗಿದರೆ ಆ ಸ್ನಾಯು ಕುಗ್ಗಿ, ಓರೆಯಾಗಿದ್ದ ಕೂದಲನ್ನು ಎಳೆದು ನಿಲ್ಲಿಸುತ್ತದೆ.

ಹಸುವಿನ ಸಹಜ ದೇಹತಾಪ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಸೋಂಕು ತಗುಲಿದಾಗ ದೇಹತಾಪವನ್ನು ಕಾಯುವ ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ತನ್ನ ಗುರಿತಾಪವನ್ನೇ ಮೇಲಕ್ಕೇರಿಸಿಕೊಳ್ಳುತ್ತದೆ. ಆ ಹೊಸ ಗುರಿಗೆ ಹೋಲಿಸಿದರೆ ದೇಹ ಇನ್ನೂ ತಣ್ಣಗಿರುವುದರಿಂದ, ಇರುವ ಶಾಖವನ್ನು ಹಿಡಿದಿಡಲು ಅನುವೇದಕ ನರಗಳು ಕಿವಿಯ ರಕ್ತನಾಳಗಳನ್ನು ಬಿಗಿದು, ಕೂದಲುಗಳನ್ನು ನಿಲ್ಲಿಸಿ ಅವುಗಳ ನಡುವೆ ಅಲುಗಾಡದ ಗಾಳಿಯ ಪದರವನ್ನು ಕಟ್ಟುತ್ತವೆ. ಅಜ್ಜಿ "ಜ್ವರ ಬಂದೈತೆ" ಎನ್ನದೆ "ಬರ್ತೈತೆ" ಎನ್ನುತ್ತಿದ್ದುದರ ನಿಖರತೆಗೆ ನಾನು ಇಂದಿಗೂ ಬೆರಗಾಗುತ್ತೇನೆ. ಜ್ವರ ಪೂರ್ತಿ ಏರಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಅದೇ ಕಿವಿ ಬಿಸಿಯಾಗಿರುತ್ತಿತ್ತು.

ಕೂದಲನ್ನು ನಿಲ್ಲಿಸುವ ನರಗಳ ಬಗ್ಗೆ ಇಂಗ್ಲೆಂಡಿನ ಶರೀರಶಾಸ್ತ್ರಜ್ಞರಾದ ಜಾನ್ ಲ್ಯಾಂಗ್ಲಿ ಮತ್ತು ಚಾರ್ಲ್ಸ್ ಶೆರಿಂಗ್ಟನ್ 1891ರಲ್ಲೇ ಒಟ್ಟಾಗಿ ಪ್ರಬಂಧ ಪ್ರಕಟಿಸಿದರು. ಬೆಕ್ಕಿನ ಒಂದೊಂದು ನರಗಂಟನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಮೈಯ ಒಂದೊಂದು ಪಟ್ಟಿಯ ಕೂದಲು ಮಾತ್ರ ಏಳುತ್ತಿತ್ತು. ಯಾವ ಗಂಟು ಯಾವ ಪಟ್ಟಿಯನ್ನು ಆಳುತ್ತದೆ ಎಂಬ ನಕ್ಷೆ ಹೀಗೆ ಸಿದ್ಧವಾಯಿತು. ಈ ನರಗಳ ತುದಿಯಿಂದ ಹೊರಬರುವುದು ನಾರ್‌ಅಡ್ರಿನಾಲಿನ್ ಎಂದು ಸ್ವೀಡನ್ನಿನ ಶರೀರಶಾಸ್ತ್ರಜ್ಞ ಉಲ್ಫ್ ವಾನ್ ಆಯ್ಲರ್ ಗುರುತಿಸಿದ್ದು 1946ರಲ್ಲಿ.

ಬೆವರಿನ ವಿಷಯದಲ್ಲಿ ಹಸುವೂ ನಾವೂ ಬೇರೆಯಾಗುತ್ತೇವೆ. ಹಸುವಿನ ಬೆವರುಗ್ರಂಥಿಯ ಬಾಯಿ ರೋಮಕೂಪಕ್ಕೇ ತೆರೆದುಕೊಂಡಿರುತ್ತದೆ, ಅದನ್ನು ಕೆರಳಿಸುವುದು ಅಡ್ರಿನಾಲಿನ್ ವರ್ಗದ ರಾಸಾಯನಿಕ. ನಮ್ಮ ಮೈತುಂಬ ಇರುವ ಬೆವರುಗ್ರಂಥಿಗಳಿಗೂ ಅನುವೇದಕ ನರಗಳೇ ಬಂದರೂ ಅವು ಅಲ್ಲಿ ಬಿಡುಗಡೆ ಮಾಡುವುದು ಬೇರೆಯದೇ ರಾಸಾಯನಿಕವಾದ ಅಸಿಟೈಲ್‌ಕೋಲಿನ್.

ಮನುಷ್ಯನ ಮೈ ಜುಮ್ಮೆನ್ನುವುದು ಕೂದಲು ದಟ್ಟವಾಗಿದ್ದ ಪೂರ್ವಜರಿಂದ ಉಳಿದ ನಿರುಪಯೋಗಿ ಕುರುಹು ಎಂದು ನಾವು ಶಾಲೆಯಲ್ಲಿ ಓದಿದ್ದೆವು. "ನವಿರೇಳು" ಎಂಬ ಪದದಲ್ಲಿಯೇ ನವಿರು, ಅಂದರೆ ಕೂದಲು, ಏಳುವುದನ್ನು ಕಂಡಿಟ್ಟ ಭಾಷೆ ನಮ್ಮದು. ಆ ಪಾಠ ನನಗೆ ಆಗಲೂ ಒಪ್ಪಿಗೆಯಾಗಿರಲಿಲ್ಲ. 2020ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಯಾ-ಚಿಯೆ ಶು ಅವರ ತಂಡ ಇಲಿಗಳಲ್ಲಿ ತೋರಿಸಿದ್ದು ಇದು: ಕೂದಲೆಬ್ಬಿಸುವ ಸ್ನಾಯುವಿಗೆ ಬರುವ ಅನುವೇದಕ ನರ ಅಲ್ಲಿಗೇ ನಿಲ್ಲದೆ, ಹೊಸ ಕೂದಲನ್ನು ಹುಟ್ಟಿಸುವ ಕಾಂಡಕೋಶಗಳನ್ನೂ ಸುತ್ತಿಕೊಳ್ಳುತ್ತದೆ. ಸ್ನಾಯುವನ್ನು ತೆಗೆದರೆ ನರವೂ ಹಿಂದೆ ಸರಿದು ಕಾಂಡಕೋಶಗಳ ನಂಟು ತಪ್ಪುತ್ತದೆ. ಚಳಿ ದೀರ್ಘವಾಗಿ ಮುಂದುವರಿದರೆ ಅದೇ ನರದ ನಾರ್‌ಅಡ್ರಿನಾಲಿನ್ ಕಾಂಡಕೋಶಗಳನ್ನು ಎಚ್ಚರಿಸಿ ಹೊಸ ಕೂದಲನ್ನು ಬೆಳೆಸುತ್ತದೆ. ಇರುವ ಕೂದಲನ್ನು ಈ ಕ್ಷಣಕ್ಕೆ ನಿಲ್ಲಿಸುವುದು, ಇಲ್ಲದ ಕೂದಲನ್ನು ಮುಂದಿನ ದಿನಗಳಿಗಾಗಿ ಬೆಳೆಸುವುದು, ಎರಡೂ ಒಂದೇ ಎಳೆಯ ಕೆಲಸ.

ಇಲಿಯಲ್ಲಿ ಕಂಡದ್ದನ್ನು ಕರುವಿಗೆ ಹಾಗೆಯೇ ಹೊಂದಿಸುವಂತಿಲ್ಲ. ದನಗಳ ಚಳಿಗಾಲದ ಕೂದಲು ಬೆಳೆಯುವುದು, ಬೇಸಿಗೆಗೆ ಉದುರುವುದು ಮುಖ್ಯವಾಗಿ ಹಗಲಿನ ಉದ್ದವನ್ನು ಅನುಸರಿಸಿ. ಆದರೆ ಅಜ್ಜಿಯ ಅಂಗೈಗೆ ಒರಟಾಗಿ ತಾಗುತ್ತಿದ್ದ ಆ ಒಂದೊಂದು ಕೂದಲಿನ ಬುಡದಲ್ಲೂ ಒಂದು ಸ್ನಾಯು ಕುಗ್ಗಿ ನಿಂತಿರುತ್ತಿತ್ತು, ಅದಕ್ಕೆ ಬೆನ್ನುಮೂಳೆಯ ಪಕ್ಕದಿಂದ ಒಂದು ತೆಳು ಎಳೆ ಬಂದು ತಾಗಿರುತ್ತಿತ್ತು.