ಕಶ್ಮಲ ಇದ್ದರಷ್ಟೇ ಕರಾರುವಾಕ್ಕು

ಕ್ವಾಂಟಂ ಭೌತವಿಜ್ಞಾನದ ಮೂಲ ಸ್ಥಿರಾಂಕವಾದ ಪ್ಲಾಂಕ್ ನಿಯತಾಂಕವನ್ನು ಎಲೆಕ್ಟ್ರಾನಿನ ವಿದ್ಯುದಾವೇಶದ ವರ್ಗದಿಂದ ಭಾಗಿಸಿದರೆ 25,812.807 ಓಮ್ ಬರುತ್ತದೆ. 1980ರ ಫೆಬ್ರವರಿಯಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜರ್ಮನ್ ಭೌತವಿಜ್ಞಾನಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಸಿಲಿಕಾನ್ ಟ್ರಾನ್ಸಿಸ್ಟರೊಂದನ್ನು ದ್ರವ ಹೀಲಿಯಂನಲ್ಲಿ ತಣಿಸಿ, ಪ್ರಬಲ ಕಾಂತಕ್ಷೇತ್ರದಲ್ಲಿಟ್ಟು ಅದರ ಹಾಲ್ ರೋಧ ಅಳೆದರು. ಕರೆಂಟಿಗೆ ಅಡ್ಡಲಾಗಿ ಹುಟ್ಟುವ ವೋಲ್ಟೇಜನ್ನು ಆ ಕರೆಂಟಿನಿಂದ ಭಾಗಿಸಿದರೆ ಸಿಗುವುದೇ ಹಾಲ್ ರೋಧ. ಅದು ಏರುತ್ತಾ ಇಳಿಯುತ್ತಾ ಹೋಗಲಿಲ್ಲ; ಮೇಲಿನ ಸಂಖ್ಯೆಯನ್ನು ಪೂರ್ಣಾಂಕದಿಂದ ಭಾಗಿಸಿದ ಬೆಲೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನಿಂತಿತು. ಚಿಪ್ಪಿನ ಉದ್ದ, ಅಗಲ, ತಯಾರಿಕೆಯ ಗುಣ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಇದೇ ಕ್ವಾಂಟಂ ಹಾಲ್ ಪರಿಣಾಮ.

ಇಂದಿನ ಗ್ಯಾಲಿಯಂ ಆರ್ಸೆನೈಡ್ ಚಿಪ್ಪನ್ನೇ ನೋಡಿ. ಎರಡು ಪದರಗಳ ನಡುವೆ ಚದರ ಸೆಂಟಿಮೀಟರಿಗೆ 50,000 ಕೋಟಿ ಎಲೆಕ್ಟ್ರಾನುಗಳಿವೆ ಎಂದುಕೊಳ್ಳೋಣ. ಪ್ರಬಲ ಕಾಂತಕ್ಷೇತ್ರದಲ್ಲಿ ಅವು ಕೆಲವು ನಿಗದಿತ ಶಕ್ತಿಮಟ್ಟಗಳಲ್ಲಷ್ಟೇ ಇರಬಲ್ಲವು; 10 ಟೆಸ್ಲಾದಲ್ಲಿ (ಟೆಸ್ಲಾ ಕಾಂತಕ್ಷೇತ್ರದ ಏಕಮಾನ) ಒಂದು ಮಟ್ಟ ಹಿಡಿಸುವುದು ಸುಮಾರು 24,000 ಕೋಟಿ. ಹಾಗಾಗಿ 10.3 ಟೆಸ್ಲಾದ ಹೊತ್ತಿಗೆ ಎರಡು ಮಟ್ಟಗಳು ಸರಿಯಾಗಿ ತುಂಬುತ್ತವೆ, ಹಾಲ್ ರೋಧ 12,906.4 ಓಮ್ ಆಗುತ್ತದೆ.

ತೊಡಕು ಇಲ್ಲೇ ಇದೆ. ಪರಿಶುದ್ಧ ಚಿಪ್ಪಿನಲ್ಲಿ ಆ ಬೆಲೆ ಸಿಗುವುದು ಆ ಒಂದು ಬಿಂದುವಿನಲ್ಲಿ ಮಾತ್ರ. ಕಾಂತಕ್ಷೇತ್ರ ತುಸು ಬದಲಾದರೂ ರೋಧ ಜಾರಬೇಕು, ನಕ್ಷೆ ಬರೀ ಸರಳರೇಖೆಯಾಗಬೇಕು. ಮೆಟ್ಟಿಲನ್ನು ಅಗಲ ಮಾಡುವುದು ಕಶ್ಮಲ. ಅಪದ್ರವ್ಯದ ಪರಮಾಣುಗಳ ಸುತ್ತ ಕೆಲವು ಎಲೆಕ್ಟ್ರಾನುಗಳು ಸಿಕ್ಕಿಬಿದ್ದು ಅಲ್ಲಲ್ಲೇ ಗಿರಕಿ ಹೊಡೆಯುತ್ತವೆ. ಕಾಂತಕ್ಷೇತ್ರ ಬದಲಿಸಿದಾಗ ತುಂಬುವುದೂ ಖಾಲಿಯಾಗುವುದೂ ಈ ಬಂದಿ ಸ್ಥಿತಿಗಳೇ. ಅವು ಕರೆಂಟ್ ಒಯ್ಯುವುದಿಲ್ಲವಾದ್ದರಿಂದ ರೋಧ ಕದಲುವುದಿಲ್ಲ. ಹಾಗೆಂದು ಕಶ್ಮಲ ಅತಿಯಾದರೆ ಎಲ್ಲ ಎಲೆಕ್ಟ್ರಾನುಗಳೂ ಬಂದಿಯಾಗಿ ಚಿಪ್ಪು ಅವಾಹಕವಾಗಿಬಿಡುತ್ತದೆ.

ಆದರೆ ಬೆಲೆ ಪೂರ್ಣಾಂಕದ ಲೆಕ್ಕದಲ್ಲೇ ಏಕೆ? ಉತ್ತರ ಇರುವುದು ಟೊಪಾಲಜಿಯಲ್ಲಿ, ಎಂದರೆ ಹಿಗ್ಗಿಸಿದರೂ ಬಾಗಿಸಿದರೂ ಬದಲಾಗದ ಗುಣಗಳ ಗಣಿತದಲ್ಲಿ. ಟೊಪಾಲಜಿ ಎಂದಕೂಡಲೇ ಉದ್ದಿನವಡೆಯ ತೂತು ತೋರಿಸುವುದು ರೂಢಿ, ಇಲ್ಲಿ ಅದು ದಾರಿ ತಪ್ಪಿಸುತ್ತದೆ: ಎಣಿಸಬೇಕಾದದ್ದು ಚಿಪ್ಪಿನ ಆಕಾರದಲ್ಲಿ ಇಲ್ಲ. 1982ರಲ್ಲಿ ಥೌಲೆಸ್, ಕೊಹ್ಮೊಟೊ, ನೈಟಿಂಗೇಲ್ ಮತ್ತು ಡೆನ್ ನೈಸ್ ತೋರಿಸಿದ್ದು ಇದನ್ನು: ಎಲೆಕ್ಟ್ರಾನಿನ ತರಂಗಫಲನ (ಅದರ ಸ್ಥಿತಿಯನ್ನು ವಿವರಿಸುವ ಗಣಿತದ ಫಲನ) ಸಂವೇಗದ ಜೊತೆ ಹೇಗೆ ತಿರುಚಿಕೊಳ್ಳುತ್ತದೆ ಎಂದು ಒಟ್ಟು ಲೆಕ್ಕ ಹಾಕಿದರೆ ಬರುವುದು ಪೂರ್ಣಾಂಕವೇ; ಅದನ್ನು ಈಗ ಚರ್ನ್ ಸಂಖ್ಯೆ ಎನ್ನುತ್ತಾರೆ. ಅವರ ಲೆಕ್ಕ ನಡೆದದ್ದು ಒಂದೇ ವಿನ್ಯಾಸ ಮರುಕಳಿಸುವ, ದೋಷವಿಲ್ಲದ ಆವರ್ತ ಜಾಲಕಕ್ಕೆ; ನಿಜವಾದ ಚಿಪ್ಪು ಹಾಗಿರುವುದಿಲ್ಲವಲ್ಲ! ಕಶ್ಮಲವಿರುವ ವಸ್ತುವಿಗೂ ಅದನ್ನು ಹೊಂದಿಸಿದವರು 1985ರಲ್ಲಿ ನಿಯು, ಥೌಲೆಸ್ ಮತ್ತು ವು.

ಈ ಬೆಲೆ ಚಿಪ್ಪಿನಿಂದ ಚಿಪ್ಪಿಗೆ ಬದಲಾಗದ್ದರಿಂದ ಮಾಪನಶಾಲೆಗಳು ಓಮಿನ ಪ್ರಮಾಣಕ್ಕೆ ಇದನ್ನೇ ನೆಚ್ಚುತ್ತವೆ; ಬಳಕೆಯಾಗುವುದು ಹೆಚ್ಚಾಗಿ ಎರಡನೇ ಮೆಟ್ಟಿಲು, ಅಂದರೆ 12,906.4 ಓಮ್. ಅದನ್ನು 100 ಓಮ್ ರೋಧಕದೊಂದಿಗೆ ಹೋಲಿಸಲು 2065 ಮತ್ತು 16 ಸುತ್ತುಗಳ ಅತಿವಾಹಕ ಸುರುಳಿಗಳಿವೆ. ಈ ಅನುಪಾತ 129.0625, ಬೇಕಾದದ್ದು 129.0640, ಉಳಿದ ಸಣ್ಣ ವ್ಯತ್ಯಾಸವನ್ನಷ್ಟೇ ಅಳೆದರೆ ಸಾಕು. ಮೊದಲು ಕೆಡುವುದು ಸಾಮಾನ್ಯವಾಗಿ ಚಿಪ್ಪಿಗೆ ತಂತಿ ಕೂಡಿಸಿದ ಜಾಗ. ಅಲ್ಲಿ ರೋಧ ಹೆಚ್ಚಾದರೆ ಎಲೆಕ್ಟ್ರಾನುಗಳು, ಚಿಪ್ಪಿನ ಅಂಚಿನುದ್ದಕ್ಕೂ ಕರೆಂಟ್ ಒಯ್ಯುವ ದಾರಿಗಳಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ, ಅಳತೆ ತಪ್ಪುತ್ತದೆ. ಕರೆಂಟ್ ಮಿತಿ ಮೀರಿದರೆ ಎಲೆಕ್ಟ್ರಾನುಗಳು ಬಿಸಿಯಾಗಿ ಮೆಟ್ಟಿಲೇ ಕುಸಿಯುತ್ತದೆ. ಎರಡನ್ನೂ ಪತ್ತೆಹಚ್ಚುವ ಪರೀಕ್ಷೆ ಒಂದೇ: ಕರೆಂಟ್ ಹರಿಯುವ ದಿಕ್ಕಿನ ರೋಧ ಸೊನ್ನೆ ಇರಬೇಕು. ಅದು ತಲೆಯೆತ್ತಿದರೆ ಹಾಲ್ ರೋಧವನ್ನು ನಂಬುವಂತಿಲ್ಲ.

ಕಾಂತಕ್ಷೇತ್ರವಿಲ್ಲದೆಯೂ ಮೆಟ್ಟಿಲು ಬರಬಹುದೆಂದು ಭೌತವಿಜ್ಞಾನಿ ಹಾಲ್ಡೇನ್ 1988ರಲ್ಲೇ ಲೆಕ್ಕ ಹಾಕಿದ್ದರು. ಬೀಜಿಂಗಿನಲ್ಲಿ ಷುಯೆ ಚಿಕುನ್ ಅವರ ತಂಡ ಕ್ರೋಮಿಯಂ ಬೆರೆಸಿದ ಬಿಸ್ಮತ್-ಆಂಟಿಮನಿ ಟೆಲ್ಯುರೈಡಿನ ತೆಳುಪದರದಲ್ಲಿ ಅದನ್ನು 2013ರಲ್ಲಿ ಕಂಡಿತು, ಅದೂ 30 ಮಿಲಿಕೆಲ್ವಿನ್ ಚಳಿಯಲ್ಲಿ. ಮಾಪನಶಾಲೆಗೆ ಅದು ಇನ್ನೂ ಒಗ್ಗಿಲ್ಲ: ಗ್ಯಾಲಿಯಂ ಆರ್ಸೆನೈಡ್ ಹತ್ತಾರು ಮೈಕ್ರೋಆಂಪಿಯರ್ ತಾಳಿಕೊಂಡರೆ, ಈ ಪದರಗಳು ಅದರ ತೀರಾ ಸಣ್ಣ ಪಾಲಿಗೇ ಕೈಚೆಲ್ಲುತ್ತವೆ.