16ನೇ ವಾರದ ಇಂಜೆಕ್ಷನ್

"ಎರಡು ಇಂಜೆಕ್ಷನ್ ಹಾಕಿಸಿದ್ದೀವಿ ಡಾಕ್ಟ್ರೇ, ಆದ್ರೂ ಪಾರ್ವೊ ಹೇಗೆ ಬಂತು?"

ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆ ನನಗೆ ಹೊಸದಲ್ಲ. ಪಾರ್ವೊ ಅಂದರೆ ನಾಯಿಮರಿಗಳಿಗೆ ಬರುವ ಅಪಾಯಕಾರಿ ವೈರಸ್ ಕಾಯಿಲೆ. ಮರಿ ಊಟ ಬಿಟ್ಟಿರುತ್ತದೆ. ವಾಂತಿ, ಜೊತೆಗೆ ಕೆಟ್ಟ ವಾಸನೆಯ ರಕ್ತಭೇದಿ. ಡ್ರಿಪ್ ಹಾಕುತ್ತಲೇ ವ್ಯಾಕ್ಸಿನ್ ಕಾರ್ಡ್ ಕೇಳುತ್ತೇನೆ. ಉತ್ತರ ಬಹಳ ಸಲ ಅದರಲ್ಲೇ ಇರುತ್ತದೆ. ಮೊದಲನೆಯದು 6ನೇ ವಾರಕ್ಕೆ, ಎರಡನೆಯದು 10ನೇ ವಾರಕ್ಕೆ. ಆಮೇಲೆ ಖಾಲಿ. ಮರಿ ಚೆನ್ನಾಗಿಯೇ ಇದೆಯಲ್ಲ ಅಂತ ಸುಮ್ಮನಾಗಿರುತ್ತಾರೆ.

ಒಂದೇ ಲಸಿಕೆಯನ್ನು ಮೂರು ಸಲ ಹಾಕುವುದು ದುಡ್ಡಿಗಾಗಿ ಅಂತ ಕೆಲವರಿಗೆ ಅನುಮಾನ. ಮುಖಕ್ಕೇ ಕೇಳಿದವರೂ ಇದ್ದಾರೆ. ಕೇಳಿದ್ದು ಒಳ್ಳೆಯದೇ. ಕಾರಣ ಇರುವುದು ಗಿಣ್ಣುಹಾಲಿನಲ್ಲಿ. ಹುಟ್ಟಿದ ದಿನ ಕುಡಿಯುವ ಆ ಹಾಲಿನಿಂದ ತಾಯಿಯ ಆಂಟಿಬಾಡಿಗಳು ಮರಿಯ ರಕ್ತ ಸೇರುತ್ತವೆ. ಮೊದಲ ಕೆಲವು ವಾರ ಮರಿಯನ್ನು ಕಾಯುವುದು ಅವೇ. ಆದರೆ ಲಸಿಕೆಯಲ್ಲಿ ಇರುವ ಶಕ್ತಿಗುಂದಿಸಿದ ವೈರಸ್ಸನ್ನೂ ಅವು ಬಿಡುವುದಿಲ್ಲ, ಮುಗಿಸಿಬಿಡುತ್ತವೆ. ಸೂಜಿ ಚುಚ್ಚಿದ್ದು ನಿಜ, ಒಳಗೆ ಕೆಲಸ ಮಾತ್ರ ಆಗಿರುವುದಿಲ್ಲ.

ಈ ಆಂಟಿಬಾಡಿ ಒಂದು ಮರಿಯಲ್ಲಿ 8ನೇ ವಾರಕ್ಕೇ ಕರಗಬಹುದು, ಅದೇ ಸೂಲಿನ ಇನ್ನೊಂದರಲ್ಲಿ 14ನೇ ವಾರದವರೆಗೂ ಉಳಿಯಬಹುದು. ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ 3-4 ವಾರಕ್ಕೊಮ್ಮೆ ಹಾಕುತ್ತಾ ಹೋಗಿ, ಕೊನೆಯದನ್ನು 16 ವಾರ ತುಂಬಿದ ಮೇಲೆ ಹಾಕುವುದು. ಎಷ್ಟು ಡೋಸ್ ಆಯಿತು ಅನ್ನುವುದಕ್ಕಿಂತ ಕೊನೆಯ ಡೋಸ್ ಯಾವ ವಯಸ್ಸಿಗೆ ಬಿತ್ತು ಅನ್ನುವುದನ್ನೇ ನಾನು ಮೊದಲು ನೋಡುತ್ತೇನೆ.

ನಡುವೆ ಒಂದು ಕೆಟ್ಟ ಅವಧಿ ಬರುತ್ತದೆ. ತಾಯಿಯ ಆಂಟಿಬಾಡಿ ನಿಜವಾದ ಪಾರ್ವೊ ತಡೆಯಲು ಸಾಲದು, ಲಸಿಕೆಯನ್ನು ಕೆಡಿಸಲು ಮಾತ್ರ ಸಾಕು. ಆ ದಿನಗಳಲ್ಲಿ ಮರಿಯನ್ನು ಬೀದಿನಾಯಿಗಳು ಓಡಾಡುವ ಪಾರ್ಕಿನಲ್ಲಿ ಬಿಡಬೇಡಿ. ನಮ್ಮ ಕ್ಲಿನಿಕ್ಕಿಗೆ ಬಂದಾಗಲೂ ತೊಡೆಯ ಮೇಲೇ ಇಟ್ಟುಕೊಳ್ಳಿ, ಕಾಯಿಲೆ ನಾಯಿಗಳು ಬರುವ ಜಾಗ ಅದು. ಹಾಗಂತ ಬಾಲ್ಕನಿಯಲ್ಲಿ ಕೂಡಿಹಾಕುವುದೂ ತಪ್ಪು. ಸುಮಾರು 3ರಿಂದ 14ನೇ ವಾರದೊಳಗೆ ಕಂಡು ಕೇಳಿದ್ದಕ್ಕೆಲ್ಲ ಮರಿ ಹೊಂದಿಕೊಳ್ಳುತ್ತದೆ. ಎತ್ತಿಕೊಂಡು ಹೋಗಿ ಆಟೋ ಸದ್ದು, ಹೆಲ್ಮೆಟ್ ಹಾಕಿದವರು, ಶಾಲೆ ಬಿಟ್ಟ ಮಕ್ಕಳು ಎಲ್ಲವನ್ನೂ ತೋರಿಸಿ.

ಫಿನಾಯಿಲ್ ವಿಷಯ ಹೇಳಲೇಬೇಕು. ಪಾರ್ವೊದಿಂದ ಒಂದು ಮರಿ ಹೋದ ಮೇಲೆ ಮನೆಯೆಲ್ಲ ಫಿನಾಯಿಲ್ ಹಾಕಿ ಒರೆಸಿ, ಮುಂದಿನ ತಿಂಗಳೇ ಇನ್ನೊಂದು ಮರಿ ತರುತ್ತಾರೆ. ಈ ವೈರಸ್ಸಿನ ವಿಷಯದಲ್ಲಿ ಫಿನಾಯಿಲನ್ನು ನಂಬುವ ಹಾಗಿಲ್ಲ. ಮೊದಲು ಸೋಪಿನಿಂದ ಕೊಳೆ ತೆಗೆಯಿರಿ. ಆಮೇಲೆ 1 ಪಾಲು ದ್ರವ ಬ್ಲೀಚಿಗೆ (ಪುಡಿಯಲ್ಲ) 30 ಪಾಲು ನೀರು ಬೆರೆಸಿ, ನೆಲ 10 ನಿಮಿಷ ಒದ್ದೆಯಾಗಿರಲಿ. ಅಂಗಳದ ಮಣ್ಣಿಗೆ ಈ ಉಪಾಯ ನಡೆಯದು. ಅಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಥ ಮನೆಗೆ ಲಸಿಕೆ ಪೂರ್ತಿಯಾದ ದೊಡ್ಡ ನಾಯಿ ತರುವುದೇ ವಾಸಿ. ಬೆಕ್ಕಿದ್ದರಂತೂ ಫಿನಾಯಿಲ್ ಬೇಡವೇ ಬೇಡ. ಕಾಲಿಗೆ ಅಂಟಿದ್ದನ್ನು ಅದು ನೆಕ್ಕುತ್ತದೆ, ಆ ವಿಷವನ್ನು ಅದರ ಲಿವರ್ ಸರಿಯಾಗಿ ಅರಗಿಸಲಾರದು.

ಮರಿ ಕೊಳ್ಳುವಾಗ "ವ್ಯಾಕ್ಸಿನ್ ಆಗಿದೆ" ಅನ್ನುವ ಬಾಯಿಮಾತು ಬೇಡ. ಕಾರ್ಡಿನಲ್ಲಿ ಲಸಿಕೆಯ ಸ್ಟಿಕ್ಕರ್, ಬ್ಯಾಚ್ ನಂಬರ್, ತಾರೀಕು, ವೈದ್ಯರ ಸಹಿ ಇರಬೇಕು. ಲಸಿಕೆ 2ರಿಂದ 8 ಡಿಗ್ರಿ ತಣ್ಣಗಿರಬೇಕಾದ ವಸ್ತು. ಜೇಬಿನಲ್ಲಿಟ್ಟು ತಂದು ಚುಚ್ಚಿದ್ದರೆ ದೇವರೇ ಗತಿ. 8 ವಾರ ತುಂಬದ ಮರಿ ಮಾರುವುದಕ್ಕೆ ನಾಯಿ ತಳಿ ಬೆಳೆಸುವವರಿಗೆ, ಮಾರುವವರಿಗೆ ಕೇಂದ್ರ ಸರ್ಕಾರ ಮಾಡಿದ 2017ರ ನಿಯಮಗಳಲ್ಲಿ ಅವಕಾಶವಿಲ್ಲ. ಆದರೂ ವಯಸ್ಸು ಜಾಸ್ತಿ ಹೇಳಿ ಮಾರುವವರಿದ್ದಾರೆ, ಆಗ ನಮ್ಮ ವಾರದ ಲೆಕ್ಕವೇ ತಪ್ಪುತ್ತದೆ.

ರೇಬಿಸ್ ಲಸಿಕೆ ಬೇರೆ. 3 ತಿಂಗಳಿಗೆ ಒಂದು, ವರ್ಷದ ನಂತರ ಬೂಸ್ಟರ್, ಆಮೇಲೆ ನಿಮ್ಮ ವೈದ್ಯರು ಹೇಳಿದಂತೆ. ಜುಲೈ 6 (ವಿಶ್ವ ಪ್ರಾಣಿಜನ್ಯ ರೋಗಗಳ ದಿನ) ಮತ್ತು ಸೆಪ್ಟೆಂಬರ್ 28ರ (ವಿಶ್ವ ರೇಬಿಸ್ ದಿನ) ಆಸುಪಾಸಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವುದುಂಟು. ವಿಚಾರಿಸಿ ನೋಡಿ.

ಬೆಕ್ಕು ಸಾಕಿದವರು "ನಮ್ಮದು ಆಚೆಗೇ ಹೋಗಲ್ಲ" ಅನ್ನುತ್ತಾರೆ. ಪಾರ್ವೊ ಕುಟುಂಬದ್ದೇ ಆದ, ಬೆಕ್ಕುಗಳನ್ನು ಕಾಡುವ ಪ್ಯಾನ್‌ಲ್ಯುಕೋಪೀನಿಯ ವೈರಸ್ ನಿಮ್ಮ ಚಪ್ಪಲಿಯಲ್ಲಿ ಒಳಗೆ ಬರುತ್ತದೆ. ಬೆಕ್ಕಿನ ಮರಿಗೂ 16ನೇ ವಾರದ ಲೆಕ್ಕವೇ. ರೇಬಿಸ್ ಲಸಿಕೆಯೂ ಬೇಕು.

ಕಾರ್ಡ್ ಕಳೆದುಹೋಗಿದ್ದರೆ? ಬೀದಿಯಿಂದ ತಂದ ದೊಡ್ಡ ನಾಯಿಯಾದರೆ? ಆಗಿಲ್ಲ ಅಂತಲೇ ಲೆಕ್ಕ ಹಿಡಿದು ಶುರು ಮಾಡುತ್ತೇವೆ. 16 ವಾರ ದಾಟಿದ ಪ್ರಾಣಿಗೆ ಸಾಮಾನ್ಯವಾಗಿ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್, ರೇಬಿಸ್ ಒಂದು. ಹಿಂದೆ ಹಾಕಿಸಿದ್ದೇ ಆಗಿದ್ದರೂ ಆರೋಗ್ಯವಾಗಿರುವ ನಾಯಿಗೆ ಇದು ಜಾಸ್ತಿಯಾಗುತ್ತದೆ ಅನ್ನುವ ಭಯ ಬೇಡ.